ಎಡಗಡೆ ಏನಿದೆ

ಜೋಡಿಯಾಗಿಯೇ ಕೊಡುತ್ತಾರಂತೆ, ಬಿಡಿಯಾಗಿ ಇಲ್ಲ.
ಕಾಜುಬಾಗದ ಝುಜೆ ಡಬ್ಬಿ ಬಿಚ್ಚಿ ತೋರಿಸಿದ:
ಎರಡು ಸ್ಪೀಕರು, ಕಪ್ಪು ಕೋನು, ಸುತ್ತ ರಬ್ಬರು,
ಹೊಸ ಚಪ್ಪಲಿಯ ವಾಸನೆ.
"ನನಗೊಂದೇ ಸಾಕಿತ್ತಲ್ಲ ಮಾರಾಯ," ಅಂದೆ.
ನನ್ನ ಎಡಗಿವಿ ಬೈತ್‌ಕೋಲದಲ್ಲೇ ಉಳಿದಿದೆ,
ಇಪ್ಪತ್ತೆರಡು ವರ್ಷ ಟ್ರಾಲರಿನ ಹೊಟ್ಟೆಯೊಳಗೆ
ಲೇಲ್ಯಾಂಡ್ ಇಂಜಿನ್ನಿನ ಪಕ್ಕ.

ಬಜೆಟ್ಟು ನಾಲ್ಕು ಸಾವಿರ. ಗುಲಾಬಿಗೆ ಹೇಳಿದ್ದು ಮೂರು.
ಕಾರು ಮೂರನೇ ಕೈಯ ಆಲ್ಟೊ, ಅದರ ಹಳೇ ಸ್ಟೀರಿಯೊ
ಒಗ್ಗರಣೆ ಬಿಟ್ಟರೆ ಬೇರೇನೂ ಹಾಕುತ್ತಿರಲಿಲ್ಲ.
ಗೋವಾ ಟ್ಯಾಕ್ಸಿಯಿಂದ ಕಿತ್ತ ಡೆಕ್ಕು ಸಾವಿರದ ನೂರು,
ವಾಲ್ಯೂಮಿನ ಗುಂಡಿ ಇಲ್ಲ, ಅದಕ್ಕೇ ಆ ರೇಟು.
ಟೂತ್‌ಪೇಸ್ಟಿನ ಮುಚ್ಚಳ ಸರಿಯಾಗಿ ಕೂತಿತು.
ಸ್ಪೀಕರು ಜೋಡಿಗೆ ಹದಿನೆಂಟು ನೂರು.
ಆಂಪ್ಲಿಫೈಯರನ್ನು ಕೈಯಲ್ಲಿ ಹಿಡಿದು, ಬೆಲೆ ಕೇಳಿ, ವಾಪಸು ಇಟ್ಟೆ,
ಇಸವಾಣದ ಕಿವಿರು ಎತ್ತಿ ನೋಡಿ
ತಾರ್ಲೆ ಕೊಂಡು ಹೋಗುವವನ ಹಾಗೆ.

ಬಾಗಿಲ ಹೊದಿಕೆ ಬಿಚ್ಚಿದರೆ ಒಳಗೆಲ್ಲ ತುಕ್ಕು.
ಉಪ್ಪುಗಾಳಿ ನಮಗಿಂತ ಮೊದಲೇ ಬಂದು ಕೂತಿತ್ತು.
"ತಗಡು ಅದುರಿದರೆ ಬಾಸು ಬರೋದಿಲ್ಲ," ಅಂದ ಝುಜೆ,
"ಡ್ಯಾಂಪಿಂಗ್ ಶೀಟು ಒಂಬೈನೂರು."
ಮನೆಗೆ ಹೋದೆ. ದೋಣಿಯ ಒಡಕಿಗೆಂದು ತಂದು ಉಳಿದಿದ್ದ
ಫೈಬರ್ ಚಾಪೆ, ಅರ್ಧ ಡಬ್ಬಿ ರೆಸಿನ್ನು.
ಒಂದೊಂದೇ ತೂತಿಗೆ ಹಚ್ಚಿದೆ.
ದೋಣಿಯಲ್ಲಿ ನೀರು ಒಳಗೆ ಬರಬಾರದು,
ಇಲ್ಲಿ ಸ್ವರ ಹೊರಗೆ ಹೋಗಬಾರದು;
ಕೈಗೆ ಎರಡೂ ಒಂದೇ.
ಮರುದಿನ ಬೆರಳಲ್ಲಿ ಬಡಿದೆ:
ಟಣ್ ಹೋಗಿ ದಬ್ ಬಂದಿತ್ತು.

ಆದರೂ ಹಾಡಿನ ಹಿಂದೊಂದು ಸೊಳ್ಳೆ, ಕುಂಯ್ ಅಂತ.
ಆಕ್ಸಿಲರೇಟರ್ ಒತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ.
ಝುಜೆ ಡೆಕ್ಕನ್ನು ಬೈದ, ಡೆಕ್ಕು ಮಾರಿದವನ ತಾಯಿಯನ್ನೂ.
ನನಗೆ ನಗು. ಇದು ಡೆಕ್ಕಲ್ಲ, ಇಂಜಿನ್ನು,
ಆಲ್ಟರ್ನೇಟರು ಮಾತಾಡುತ್ತಿದೆ.
ಒಂದು ಕಿವಿ ತಿಂದವನ ದನಿ ಇನ್ನೊಂದಕ್ಕೆ ತಿಳಿಯದೆ?
ಅರ್ತಿಂಗ್ ತಂತಿಯ ಬುಡದ ಬಣ್ಣ ಕೆರೆದು
ಹೊಳೆಯುವ ತಗಡಿಗೆ ಬಿಗಿದೆ.
ಸುಮ್ಮನಾಯಿತು.

ಆಗ ಝುಜೆ ಅಂದ: "ಇವೆಲ್ಲ ಹಳೇ ಕಾಲದ ರೆಕಾರ್ಡು,
ಅರ್ಧ ಅತ್ತ, ಅರ್ಧ ಇತ್ತ.
ಎರಡನ್ನೂ ಕೂಡಿಸಿ ನಿನ್ನ ಬಾಗಿಲಿಗೇ ಕೊಡಲಾ? ಪುಕ್ಕಟೆ."
ಗುಲಾಬಿ ಎಡ ಸೀಟಿನಲ್ಲಿ, ಮಡಿಲಲ್ಲಿ ಮೀನಿನ ಚೀಲ,
ಹೊಸ ಜಾಲರಿಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಳು.
"ಬೇಡ," ಅಂದೆ. "ಅದು ಅವಳ ಕಡೆಯದು."

ಈಗ ಅಂಕೋಲೆಗೆ ಹೊರಟಾಗ, ಬಿಣಗಾದ ಏರಿನಲ್ಲಿ,
ನನಗೆ ಹಾಡುವವಳ ದನಿ, ಹಾರ್ಮೋನಿಯಂ.
"ಎಡಗಡೆ ಏನಿದೆ?" ಕೇಳುತ್ತೇನೆ.
"ಕೊಳಲು," ಅನ್ನುತ್ತಾಳೆ.
ಇನ್ನೊಂದು ಹಾಡಿಗೆ, "ಗೆಜ್ಜೆ."
ಒಮ್ಮೆ, "ಯಾರೋ ಕೆಮ್ಮಿದರು, ಪಾಪ, ರೆಕಾರ್ಡಾಗಿಬಿಟ್ಟಿದೆ."
ಸುರಂಗದಲ್ಲಿ ರೇಡಿಯೊ ಹೋಗಿ ಬರೀ ಸುಂಯ್ ಅಂದಾಗಲೂ
ಹೊರಗೆ ಕೈ ಚಾಚುವವಳಂತೆ, "ಮಳೆ," ಅಂದಳು.

ನಿನ್ನೆ ಒಬ್ಬನೇ ಇದ್ದೆ. ಕೋಡಿಬಾಗದ ಬದಿಗೆ ನಿಲ್ಲಿಸಿ
ಗೇರಿನ ಮೇಲೆ ಅಡ್ಡ ಮಲಗಿ, ಬಲಗಿವಿಯನ್ನು
ಎಡ ಬಾಗಿಲಿಗೆ ಒತ್ತಿ, ಅದೇ ಹಾಡು ಹಚ್ಚಿದೆ.
ಪೊಲೀಸನೊಬ್ಬ ಗಾಜು ಬಡಿದ: "ಏನ್ರೀ, ಆರಾಮಿಲ್ವಾ?"
ತಡಿ ಅಂತ ಕೈ ಮಾಡಿದೆ.
ತಬಲ. ಬರೀ ತಬಲ.
ನಡುವೆ ಸ್ವಲ್ಪ ಹೊತ್ತು ಏನೂ ಇಲ್ಲ,
ಮತ್ತೆ ತಬಲ.

ಇವತ್ತು ಬೆಳಿಗ್ಗೆ ಅವಳು ಕೂತು ಬಾಗಿಲು ಎಳೆದಳು,
ದಬ್.
ಕೀಲಿ ತಿರುಗಿಸಿದೆ. ಅದೇ ಹಾಡು.
ಅವರ್ಸಾ ದಾಟುವವರೆಗೆ ತಡೆದೆ,
ಆಮೇಲೆ ಕೇಳಿದೆ.